ಹತ್ತನೇ ಬಿ ಗೆ ಒಂದು ಮೇಕೆ ತಲೆ

ಚಾರ್ಟು ಇತ್ತು. ಮಡಿಸಿ ಮಡಿಸಿ
ಮಹಾಮಸ್ತಿಷ್ಕದ ನಡುವೆಯೇ ಹರಿದಿತ್ತು.
ಗೆದ್ದಲು ಬುಡದಿಂದ ಶುರುಮಾಡಿ
ಬೆನ್ನುಹುರಿಯನ್ನು ಪೂರ್ತಿ ತಿಂದಿತ್ತು.
ಹಾಗಾಗಿ ಬುಧವಾರ ಬೆಳಿಗ್ಗೆ ಬಾಗೇಪಲ್ಲಿಯ
ಬಸ್‌ಸ್ಟ್ಯಾಂಡ್ ಹಿಂದಿನ ಮಸ್ತಾನ್‌ಸಾಬರ ಅಂಗಡಿಯಲ್ಲಿ
ಒಂದು ತಲೆ ಕೇಳಿದೆ.
"ಕಾಲೂ ಹಾಕಲಾ ಮೇಡಂ, ಸೂಪಿಗೆ?"
"ಬೇಡ. ಪಾಠಕ್ಕೆ."
ನಗಲಿಲ್ಲ ಅವರು. ಮಚ್ಚು ಒರೆಸಿ ಮಗನ ಕೈಗೆ ಕೊಟ್ಟರು:
"ಇವನೇ ಬಂದು ಒಡೆದುಕೊಡ್ತಾನೆ."
ಮಗ ನನ್ನದೇ ಕ್ಲಾಸು, ಕೊನೇ ಬೆಂಚು,
ಖಾದರ್‌ವಲಿ. ಅರ್ಧವಾರ್ಷಿಕದಲ್ಲಿ
ವಿಜ್ಞಾನಕ್ಕೆ ಎಂಬತ್ತಕ್ಕೆ ಹನ್ನೊಂದು.

ಚರ್ಮ ಸುಲಿದ ಬುರುಡೆಯ ಮೇಲೆ
ಇರುವೆ ಸಾಲು ಹೋದಂತೆ ಸೊಟ್ಟ ಗೆರೆ.
ಅದೇ ಹಣೆಬರಹ, ಬ್ರಹ್ಮ ಬರೆದದ್ದು, ಎನ್ನುತ್ತಿದ್ದಳು ನನ್ನಜ್ಜಿ.
ಅಲ್ಲ ಮಕ್ಕಳೇ, ಅದು ಹೊಲಿಗೆ,
ಎಲುಬಿಗೆ ಎಲುಬು ಸೇರಿದ ಜಾಗ, ಎಂದೆ.
"ಹೌದು ಮೇಡಂ," ಎಂದ ಖಾದರ್‌ವಲಿ,
"ಅಬ್ಬಾ ಮಚ್ಚು ಇಡೋದು ಆ ಬರಹದ ಮೇಲೇ.
ಸಲೀಸಾಗಿ ಬಿರಿಯುತ್ತೆ."

ಬಿರಿಯಿತು.
ನಲವತ್ತೊಂದು ಮಕ್ಕಳು, ಮೂಗು ಮುಚ್ಚಿಕೊಂಡು, ಹತ್ತಿರಕ್ಕೆ.
ಮೆದಡು, ಎಂದಿತು ಅರ್ಧ ಕ್ಲಾಸು.
ಭೇಜಾ, ಎಂದಿತು ಕಿಟಕಿಯ ಸಾಲು.
ಮಿದುಳು, ಪರೀಕ್ಷೆಯಲ್ಲಿ ಹೀಗೇ ಬರೆಯಿರಿ, ಎಂದೆ ನಾನು.
ಮೂರಕ್ಕೂ ಓಗೊಡದೆ ಅದು
ಈಗಷ್ಟೇ ಇಳಿಸಿದ ಗಿಣ್ಣಿನ ಹಾಗೆ ನಡುಗುತ್ತಿತ್ತು.

ಅವನು ಅಂಗೈ ಮೇಲಿಟ್ಟು ತೂಗಿದ.
"ನೂರಿಪ್ಪತ್ತು ಗ್ರಾಂ. ಮನುಷ್ಯರದು?"
"ಒಂದು ಕೇಜಿ ಮುನ್ನೂರು, ಹೆಚ್ಚುಕಮ್ಮಿ."
"ಎಲ್ಲರದೂ?"
"ಎಲ್ಲರದೂ."
"ನಂದೂ?"
ಹ್ಞೂಂ ಎಂದೆ. ಆಮೇಲೆ ಸ್ವಲ್ಪ ಹೊತ್ತು
ಅವನು ಕುತ್ತಿಗೆ ನೆಟ್ಟಗೆ ಇಟ್ಟುಕೊಂಡೇ ನಿಂತಿದ್ದ,
ತುಂಬಿದ ಬಿಂದಿಗೆ ಹೊತ್ತವನಂತೆ.

ಎರಡು ಹೋಳು ಮೆಲ್ಲಗೆ ಅಗಲಿಸಿದೆ.
ನಡುವೆ ಬೆಳ್ಳನೆಯ ಸೇತುವೆ. ಬಲಗಡೆಯದು
ಎಡಗೈ ಆಡಿಸುತ್ತದೆ, ಎಡಗಡೆಯದು ಬಲಗೈ,
ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.
ತಳದಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವಲ್ಲಿ
ತಪ್ಪು ಉತ್ತರಕ್ಕೆ ನಾನು ಹಾಕುವ ಗುರುತು.
ಹಿಂದಿನ ಪುಟ್ಟ ಗಡ್ಡೆ, ಅನುಮಸ್ತಿಷ್ಕ,
ಸೈಕಲ್ ಬೀಳದಂತೆ ಹಿಡಿಯುವುದು ಇದೇ.
ಸೀಳಿದಾಗ ಒಳಗೊಂದು ಮರ.
ನಿಜವಾಗಿ ಮರ: ಕಾಂಡ, ಕೊಂಬೆ, ಎಲೆ.
ಹುಣಸೆ, ಎಂದರು ಕೆಲವರು. ಅಲ್ಲ, ಜಾಲಿ.
ಅದಕ್ಕೂ ಕೆಳಗಿನ ಬೆರಳುದಪ್ಪದ ತುಂಡು
ನಾನು ಹೇಳುವ ಮೊದಲೇ ಅವನು ಹೇಳಿದ:
"ಇದು ಕಡಿದರೆ ಉಸಿರು ನಿಲ್ಲುತ್ತೆ."
ಇಡೀ ಅಧ್ಯಾಯದಲ್ಲಿ ಅವನಿಗೆ ಗೊತ್ತಿದ್ದದ್ದು ಅದೊಂದೇ,
ಅವನಷ್ಟು ಚೆನ್ನಾಗಿ ನನಗೆ ಗೊತ್ತಿಲ್ಲದ್ದೂ ಅದೇ.

ಗಂಗರತ್ನ ಗುಂಪಿನ ಹಿಂದೆ ನಿಂತಿದ್ದಳು.
ಪ್ರಾರ್ಥನೆಯ ಸಾಲಿನಲ್ಲಿ ಎರಡು ಸಲ ಬಿದ್ದವಳು,
ನೊರೆ, ಹಲ್ಲುಕಚ್ಚು, ಯಾರೋ ಓಡಿಬಂದು
ಮುಷ್ಟಿಗೆ ತುರುಕಿದ ಬೀಗದ ಕೈ.
ಈಗಲೂ ವೇಲಿನ ತುದಿಗೆ ಅದನ್ನು ಕಟ್ಟಿಕೊಂಡೇ ಬರುತ್ತಾಳೆ.
ಕನ್ನಡ ಮರೆತು ಮನೆಮಾತಿನಲ್ಲಿ ಕೇಳಿದಳು,
"ನಾದಿ ಎಕ್ಕಡ ಟೀಚರ್?"
ನನ್ನದು ಎಲ್ಲಿ.

ಕಿವಿಯ ಮೇಲಿನ ಮಡಿಕೆಯಲ್ಲಿ ಇರಬಹುದು.
ಹಣೆಯ ಹಿಂದೆ ಇರಬಹುದು.
ಒಳಗಿನ ಕರೆಂಟು ದಾರಿ ತಪ್ಪುವ ಜಾಗ
ದೊಡ್ಡ ಆಸ್ಪತ್ರೆಯಲ್ಲಿ ತಂತಿ ಅಂಟಿಸಿ ನೋಡುತ್ತಾರೆ,
ಮಾತ್ರೆ ಇದೆ, ಮೇಕೆಯಿಂದ ತಿಳಿಯುವುದಲ್ಲ ಅಮ್ಮ.
ಅವಳು ತೋರುಬೆರಳು ಚಾಚಿ ಮಡಿಕೆಯೊಂದನ್ನು ಮುಟ್ಟಿದಳು,
ಎಳೆಗೂಸಿನ ನೆತ್ತಿ ಮುಟ್ಟುವಂತೆ.
"ನೋಯುತ್ತಾ?"
ಇಲ್ಲ. ಬದುಕಿದ್ದಾಗಲೂ ನೋಯದು ಇದಕ್ಕೆ.
ಮೈಯ ನೋವೆಲ್ಲ ಬಂದು ವರದಿ ಒಪ್ಪಿಸುವುದು ಇಲ್ಲೇ,
ಇದನ್ನೇ ಚುಚ್ಚಿದರೆ ಹೇಳಲು ಯಾರೂ ಇಲ್ಲ.
ಅವಳು ಬೆರಳು ತೆಗೆಯಲಿಲ್ಲ.
ಬೆಲ್ ಹೊಡೆಯಿತು, ಆಗಲೂ.

ಹೊಂಗೆಯ ಬುಡದಲ್ಲಿ ಅವನೇ ಹೂತ, ನಾಯಿ ಅಗೆಯದಷ್ಟು ಆಳ.
ಬೆಂಚು ತೊಳೆದವಳು ಅವಳು.

ಪೂರ್ವಸಿದ್ಧತಾ ಪರೀಕ್ಷೆ. ಪ್ರಶ್ನೆ ಮೂವತ್ತೊಂದು:
ಮಾನವನ ಮಿದುಳಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.
ಖಾದರ್‌ವಲಿಯ ಚಿತ್ರಕ್ಕೆ ಹೆಸರೇ ಇಲ್ಲ, ಒಂದೂ.
ಉಸಿರು ನಿಲ್ಲುವಲ್ಲಿ ಒಂದು ಬಾಣ,
ಹಿಂದಿನ ಗಡ್ಡೆಯೊಳಗೆ, ಪೆನ್ಸಿಲ್ ಚೂಪು ಮಾಡಿಕೊಂಡು,
ಒಂದು ಜಾಲಿ ಮರ.

ಮಾದರಿ ಉತ್ತರದಲ್ಲಿ ಮರಕ್ಕೆ ಅಂಕವಿಲ್ಲ.
ಕೆಂಪು ಪೆನ್ನು ಕೈಯಲ್ಲಿ ಹಿಡಿದು ಕೂತಿದ್ದೆ.
ಅರ್ಧ ಕೊಟ್ಟೆ.